ತೊಟ್ಟಿಯಲ್ಲಿ ಹುಟ್ಟಿದ ಹಾರ್ಡ್ ಡಿಸ್ಕ್

ಮುಂಗಾರು ಹಿಡಿಯುವ ಮುಂಚೆ ಸಕಲೇಶಪುರದ ಆನೇಮಹಲ್ ಸುತ್ತಿನ ಕಾಫಿ ತೋಟಗಳಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳು ಹೊರಬೀಳುತ್ತವೆ. ಒಂದರಲ್ಲಿ ಮೈಲುತುತ್ತ ಕರಗಿಸಿಟ್ಟಿರುತ್ತಾರೆ, ಇನ್ನೊಂದರಲ್ಲಿ ಸೋಸಿದ ಸುಣ್ಣದ ನೀರು. ಎರಡೂ ಸೇರಿದರೆ ಬೋರ್ಡೋ ದ್ರಾವಣ. ಕಾಫಿ ಎಲೆಯ ತುಕ್ಕು ರೋಗಕ್ಕೆ ಶೇ 0.5ರದ್ದು, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಶೇ 1ರದ್ದು. ಗಿಡಕ್ಕೆ ಹೊಡೆಯುವ ಮೊದಲು ಒಂದು ಪರೀಕ್ಷೆ ಉಂಟು. ತಿಕ್ಕಿ ತೊಳೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗು ಕೆಂಪಗಾಗಿದ್ದರೆ ಡ್ರಮ್ಮಿನ ಹತ್ತಿರ ನಿಂತವನು, "ಗೌಡ್ರೇ, ಇನ್ನೊಂಚೂರು ಸುಣ್ಣ ಬೇಕು" ಅನ್ನುತ್ತಾನೆ. ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಅಲಗಿನ ಮೇಲಿನ ಆ ಕೆಂಪು ಅಪ್ಪಟ ತಾಮ್ರ. ಸುಣ್ಣ ಸಾಲದೆ ನೀರಿನಲ್ಲಿ ಬಿಡುಬೀಸಾಗಿ ಉಳಿದ ತಾಮ್ರದ ಅಯಾನು ಕತ್ತಿಯ ಕಬ್ಬಿಣದಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು ಲೋಹವಾಗಿ ಅಲ್ಲೇ ಕೂರುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ ನೀರಿಗಿಳಿಯುತ್ತದೆ. ಯಾವ ಲೋಹ ಯಾವುದನ್ನು ಹೊರದಬ್ಬುತ್ತದೆ ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಒಂದು ಏಣಿಯಿದೆ. ತಾಮ್ರ ಅದರಲ್ಲಿ ಪ್ಲಸ್ 0.34 ವೋಲ್ಟಿನ ಮೆಟ್ಟಿಲಲ್ಲಿ, ಕಬ್ಬಿಣ ಮೈನಸ್ 0.44ರಲ್ಲಿ. ಅಂತರ ಅಷ್ಟಿರುವುದರಿಂದಲೇ ತಾಮ್ರ ಕತ್ತಿಯ ಮೇಲೆ ತಾನಾಗಿ ಬಂದು ಕೂರುತ್ತದೆ. ಬೋರ್ಡೋ ಕಲಸಲು ಕಬ್ಬಿಣದ ಪಾತ್ರೆ ಕೂಡದು ಎನ್ನುವುದೂ ಇದೇ ಕಾರಣಕ್ಕೆ.

ನೀರಿನಲ್ಲಿ ಕರಗಿದ ಲೋಹವನ್ನು ಇನ್ನೊಂದರ ಮೈಮೇಲೆ ಮತ್ತೆ ಲೋಹವಾಗಿ ಕೂರಿಸುವ ಈ ರಸಾಯನದ ಮೇಲೆಯೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ನಿಂತಿದೆ ಎಂದರೆ ಒಪ್ಪುವವರು ಕಡಿಮೆ. ಮಾಹಿತಿ ತಂತ್ರಜ್ಞಾನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಿಳಿ ಗೌನು, ಗಾಜಿನ ಕೋಣೆ, ಧೂಳಿಲ್ಲದ ಗಾಳಿ. ಅವೆಲ್ಲ ಇವೆ, ಸುಳ್ಳಲ್ಲ. ಆದರೆ ಆ ಕೋಣೆಯ ನಡುವೆ ಹಸಿರು ಬಣ್ಣದ ನಿಕ್ಕೆಲ್ ದ್ರಾವಣ ತುಂಬಿದ ಒಂದು ತೊಟ್ಟಿಯೂ ಇರುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಸ್ಕೂಟರ್ ಬಿಡಿಭಾಗಗಳಿಗೆ ನಿಕ್ಕೆಲ್ ಹಿಡಿಸುವ ಶೆಡ್ಡಿನ ತೊಟ್ಟಿಗೆ ಅದು ಹತ್ತಿರದ ಸಂಬಂಧಿ. ಒಡವೆ ಅಂಗಡಿಯ 'ಒನ್ ಗ್ರಾಂ ಗೋಲ್ಡ್' ಬಳೆಯೂ ಅದೇ ಕುಟುಂಬದ್ದು.

ಕತ್ತಿಯ ಮೇಲೆ ತಾನಾಗಿ ಕೂತ ತಾಮ್ರಕ್ಕೆ ಹಿಡಿತವಿಲ್ಲ, ಬೆರಳಿಂದ ಉಜ್ಜಿದರೆ ಬರುತ್ತದೆ. ಅಲಗು ಪೂರ್ತಿ ಮುಚ್ಚಿದ ಮೇಲೆ ಎಲೆಕ್ಟ್ರಾನ್ ಕೊಡಲು ಕಬ್ಬಿಣ ಸಿಗದೆ ಕೆಲಸ ನಿಂತೂ ಹೋಗುತ್ತದೆ. ಇದನ್ನು ನಮ್ಮ ಲೆಕ್ಕಕ್ಕೆ ತರಬೇಕಾದರೆ ಎಲೆಕ್ಟ್ರಾನನ್ನು ಹೊರಗಿನಿಂದ, ಬ್ಯಾಟರಿಯಿಂದ ಕೊಡಬೇಕು. ವಿದ್ಯುಲ್ಲೇಪನ ಎಂದರೆ ಇಷ್ಟೇ. ಲೇಪಿಸಬೇಕಾದ ವಸ್ತುವನ್ನು ಮೈನಸ್ ತಂತಿಗೆ ಕಟ್ಟಿ ದ್ರಾವಣದಲ್ಲಿ ಇಳಿಬಿಡುತ್ತಾರೆ, ಪ್ಲಸ್ ತಂತಿಗೆ ನಿಕ್ಕೆಲ್ ತುಂಡು.

ಇಲ್ಲಿ ಫ್ಯಾರಡೆಯ ನಿಯಮ ಶಾನುಭೋಗರ ಲೆಕ್ಕದಷ್ಟು ಕರಾರುವಾಕ್ಕು. ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ, ಸೋರಿಕೆ ಏನೂ ಇಲ್ಲದಿದ್ದಲ್ಲಿ, ಕೂರುವ ನಿಕ್ಕೆಲ್ ಸುಮಾರು 1.1 ಗ್ರಾಂ. ಹತ್ತು ಸೆಂಟಿಮೀಟರ್ ಉದ್ದಗಲದ ಒಂದು ತಗಡಿನ ಒಂದೇ ಮುಖಕ್ಕೆ ಅದನ್ನು ಹರಡಿದರೆ ದಪ್ಪ ಸುಮಾರು 12 ಮೈಕ್ರಾನ್, ಅಂದರೆ ಒಂದು ಮೈಕ್ರಾನಿಗೆ ಐದು ನಿಮಿಷ. ಸ್ವಿಚ್ಚು ಒತ್ತುವ ಬೆರಳೇ ಅಳತೆಗೋಲು. ಇಂಥ ತೆಳುವಿನ ಲೆಕ್ಕವನ್ನು ಅರದಿಂದಲೋ ಲೇತಿನಿಂದಲೋ ಸಾಧಿಸಲು ಹೋದರೆ ಕೈಗೆ ಸಿಗುವುದು ಪುಡಿ ಮಾತ್ರ.

ಕಂಪ್ಯೂಟರು ಹುಟ್ಟಿದ ಕಾಲಕ್ಕೇ ಈ ತೊಟ್ಟಿ ಅದರ ಜೊತೆ ಸೇರಿತು. 1951ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಯೂನಿವ್ಯಾಕ್ ಯಂತ್ರ ಮಾಹಿತಿಯನ್ನು ಬರೆದಿಡುತ್ತಿದ್ದುದು ಅರ್ಧ ಇಂಚು ಅಗಲದ ಲೋಹದ ಟೇಪಿನ ಮೇಲೆ. ನಿಕ್ಕೆಲ್ ಲೇಪಿಸಿದ ಫಾಸ್ಫರ್ ಬ್ರಾಂಜ್ ಪಟ್ಟಿ ಅದು. ಆಮೇಲೆ, ಕೂದಲಿನಂಥ ತಂತಿಯ ಮೇಲೆ ನಿಕ್ಕೆಲ್–ಕಬ್ಬಿಣದ ತೆಳು ಪೊರೆ ಲೇಪಿಸಿ, ಆ ಪೊರೆಯ ಕಾಂತೀಯ ದಿಕ್ಕನ್ನೇ ಸೊನ್ನೆ–ಒಂದು ಎಂದು ಓದುವ 'ಪ್ಲೇಟೆಡ್ ವೈರ್' ಸ್ಮರಣೆ ಬಂತು. ಚಿಪ್ಪುಗಳು ಅಗ್ಗವಾದಾಗ ಅದು ಮೂಲೆಗುಂಪಾಯಿತು. ಆದರೂ 1977ರಲ್ಲಿ ಹಾರಿದ ವಾಯೇಜರ್ ನೌಕೆಗಳ ಮುಖ್ಯ ಆಜ್ಞಾ ಕಂಪ್ಯೂಟರಿನಲ್ಲಿ ಇದ್ದದ್ದು ಇದೇ ಲೇಪಿತ ತಂತಿ. ವಾಯೇಜರ್–1 ನವೆಂಬರ್ 2023ರಲ್ಲಿ ಅರ್ಥವಿಲ್ಲದ ಸಂಕೇತ ಕಳಿಸತೊಡಗಿದಾಗ ಕೈಕೊಟ್ಟಿದ್ದು ಬೇರೊಂದು ಕಂಪ್ಯೂಟರಿನ ಚಿಪ್ಪಿನ ಸ್ಮರಣೆ. ಕೆಟ್ಟ ಭಾಗವನ್ನು ಬಿಟ್ಟು ಹೋಗುವ ಹಾಗೆ ಭೂಮಿಯಿಂದಲೇ ಪ್ರೋಗ್ರಾಂ ತಿದ್ದಿ 2024ರ ಏಪ್ರಿಲಿನಲ್ಲಿ ಅದನ್ನು ಸರಿಮಾಡಿದರು.

ನಿಜವಾದ ತಿರುವು 1979ರದ್ದು. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ, ತಟ್ಟೆಗೆ ತಾಗದ ಹಾಗೆ ತೇಲುತ್ತ, ಬರೆಯುವ ಒಂದು ಪುಟ್ಟ ವಿದ್ಯುತ್ಕಾಂತವಿರುತ್ತದೆ. ಅದಕ್ಕೆ ಹೆಡ್ ಎನ್ನುತ್ತಾರೆ. ಆವರೆಗೆ ಹೆಡ್ ಎಂದರೆ ಫೆರೈಟ್ ಎಂಬ ಪಿಂಗಾಣಿಯಂಥ ವಸ್ತುವನ್ನು ಉಜ್ಜಿ, ಅದಕ್ಕೆ ಸಣ್ಣ ತಂತಿ ಸುತ್ತಿದ್ದು. ಎಷ್ಟೇ ಚಿಕ್ಕದು ಮಾಡಿದರೂ ಉಜ್ಜುವುದಕ್ಕೆ, ಸುತ್ತುವುದಕ್ಕೆ ಒಂದು ಮಿತಿ ಇದ್ದೇ ಇದೆ. ಐಬಿಎಂ ಸಂಶೋಧನಾಲಯದಲ್ಲಿದ್ದ ಉಕ್ರೇನ್ ಮೂಲದ ಲುಬೊಮಿರ್ ರೊಮಾಂಕಿವ್ ಮತ್ತು ಅವರ ಸಹೋದ್ಯೋಗಿಗಳು ದಾರಿ ಬದಲಿಸಿದರು. ಬೆಳಕಿಗೆ ಪ್ರತಿಕ್ರಿಯಿಸುವ ರಾಳವನ್ನು ತಟ್ಟೆಯಂಥ ಬಿಲ್ಲೆಯ ಮೇಲೆ ಹರಡಿ, ಬೇಕಾದ ಆಕಾರದ ಕಿಟಕಿಗಳನ್ನು ಅದರಲ್ಲಿ ತೆರೆದು, ಬಿಲ್ಲೆಯನ್ನು ತೊಟ್ಟಿಗಿಳಿಸಿದರು. ಲೋಹ ಕಿಟಕಿಯೊಳಗಷ್ಟೇ ತಳದಿಂದ ಮೇಲಕ್ಕೆ ಬೆಳೆಯಿತು. ರಾಳ ತೊಳೆದರೆ ಗೋಡೆ ನೆಟ್ಟಗೆ ನಿಂತ ಪುಟ್ಟ ಕಾಂತ ಸಿದ್ಧ. ಅದರ ಸುತ್ತಿನ ತಾಮ್ರದ ಸುರುಳಿಯೂ ಹೀಗೇ ಬೆಳೆದದ್ದು. ಕೆತ್ತಿ ಬಿಸಾಕುವ ಬದಲು ಬೇಕಾದಷ್ಟೇ ಬೆಳೆಸುವ ಈ ಕ್ರಮದಲ್ಲಿ ಒಂದೇ ಬಿಲ್ಲೆಯ ಮೇಲೆ ಸಾವಿರಾರು ಹೆಡ್ಡುಗಳು ಒಟ್ಟಿಗೆ ಹುಟ್ಟುತ್ತವೆ. ಈ ತೆಳುಪೊರೆಯ ಹೆಡ್ ಹೊತ್ತು ಬಂದ ಐಬಿಎಂ 3370 ಡಿಸ್ಕಿನ ಸಾಮರ್ಥ್ಯ 571 ಮೆಗಾಬೈಟ್. ಇವತ್ತು ಕೇಳಿದರೆ ನಗು ಬರುವ ಸಂಖ್ಯೆ.

ಅಲ್ಲಿ ಬೆಳೆಸಿದ ಲೋಹದ ಹೆಸರು ಪರ್ಮಲಾಯ್. ನೂರಕ್ಕೆ ಸುಮಾರು 80 ಪಾಲು ನಿಕ್ಕೆಲ್, 20 ಪಾಲು ಕಬ್ಬಿಣ. 1910ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಪ್ರಯೋಗಾಲಯದಲ್ಲಿ ಗುಸ್ತಾಫ್ ಎಲ್ಮೆನ್ ಕಂಡುಕೊಂಡ ಮಿಶ್ರಲೋಹ ಇದು. ಸಣ್ಣ ಕಾಂತಕ್ಷೇತ್ರಕ್ಕೂ ಓಗೊಟ್ಟು ಕಾಂತವಾಗುತ್ತದೆ, ಕ್ಷೇತ್ರ ತೆಗೆದರೆ ಮರೆತುಬಿಡುತ್ತದೆ. ಬರೆಯುವ ಲೇಖನಿಗೆ ಬೇಕಾದ ಗುಣ ಅದೇ, ತಟ್ಟೆಗೆ ಬೇಕಾದದ್ದು ಇದರ ತದ್ವಿರುದ್ಧ. ಈ 80–20ರ ಅನುಪಾತದ ಹತ್ತಿರ ಇನ್ನೂ ಒಂದು ಲಾಭವಿದೆ. ಸಾಮಾನ್ಯವಾಗಿ ಕಾಂತವಾಗುವಾಗ ಲೋಹ ಅತ್ಯಲ್ಪ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಇಲ್ಲಿ ಆ ಹಿಗ್ಗು–ಕುಗ್ಗು ಸೊನ್ನೆಗೆ ಬರುತ್ತದೆ. ಆದ್ದರಿಂದ ಪೊರೆಯೊಳಗೆ ಎಳೆತ ಇದ್ದರೂ ಕಾಂತಗುಣ ಕೆಡುವುದಿಲ್ಲ. ಒಂದೆರಡು ಪಾಲು ಆಚೀಚೆಯಾದರೆ ಈ ಲಾಭ ಹೋಯಿತು. ಅಂದರೆ ತೊಟ್ಟಿ ಯಾವ ಹೊತ್ತಿನಲ್ಲೂ, ಬಿಲ್ಲೆಯ ಯಾವ ಮೂಲೆಯಲ್ಲೂ, ಇದೇ ಅನುಪಾತವನ್ನು ಕೊಡಬೇಕು.

ಇಲ್ಲೇ ಕಬ್ಬಿಣ ತನ್ನ ತರಲೆ ತೋರಿಸುವುದು. ಏಣಿಯ ಲೆಕ್ಕ ನೋಡಿದರೆ ನಿಕ್ಕೆಲ್ ಮೈನಸ್ 0.25ರಲ್ಲಿದೆ, ಕಬ್ಬಿಣ ಮೈನಸ್ 0.44ರಲ್ಲಿ. ಎಲೆಕ್ಟ್ರಾನ್ ಕೊಟ್ಟಾಗ ಸಲೀಸಾಗಿ ಲೋಹವಾಗಬೇಕಾದದ್ದು ನಿಕ್ಕೆಲ್. ಆದರೆ ಎರಡನ್ನೂ ಒಂದೇ ತೊಟ್ಟಿಗೆ ಹಾಕಿದರೆ ಕಬ್ಬಿಣವೇ ಮುನ್ನುಗ್ಗುತ್ತದೆ. ದ್ರಾವಣದಲ್ಲಿ ಕಬ್ಬಿಣ ನಿಕ್ಕೆಲಿನ ನೂರಕ್ಕೆ ಕೆಲವೇ ಪಾಲಿದ್ದರೂ ಪೊರೆಯಲ್ಲಿ 20 ಪಾಲು ಬಂದು ಕೂತಿರುತ್ತದೆ. ಏಣಿಯ ನಿಯಮ ಮೀರುವ ಈ ವರ್ತನೆಗೆ 'ಅಸಹಜ ಸಹಲೇಪನ' ಎನ್ನಬಹುದು. ಲೋಹಲೇಪನದ ದೊಡ್ಡ ಪಂಡಿತ ಆಬ್ನರ್ ಬ್ರೆನ್ನರ್ 1963ರ ತನ್ನ ಎರಡು ಸಂಪುಟದ ಗ್ರಂಥದಲ್ಲಿ ಇದಕ್ಕೆ ಪ್ರತ್ಯೇಕ ವರ್ಗವನ್ನೇ ಮಾಡಿದ. 1965ರಲ್ಲಿ ಡಾಮ್ಸ್ ಮತ್ತು ಕ್ರಾಲ್ ಎಂಬವರು ಒಂದು ವಿವರಣೆ ಕೊಟ್ಟರು. ಲೇಪನ ನಡೆಯುವಲ್ಲಿ ಜಲಜನಕವೂ ಹೊರಟು, ಆ ಮೈಯ ಪಕ್ಕದ ನೀರು ಸ್ವಲ್ಪ ಕ್ಷಾರವಾಗುತ್ತದೆ. ಆಗ ಕಬ್ಬಿಣ ಹೈಡ್ರಾಕ್ಸೈಡಿನ ರೂಪದಲ್ಲಿ ಮೈಗೆ ಅಂಟಿ ಜಾಗ ಹಿಡಿಯುತ್ತದೆ. ಧರ್ಮಸ್ಥಳದ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನ ಹಾಗೆ. ಸಾಲಿನಲ್ಲಿ ಮುಂದಿದ್ದ ನಿಕ್ಕೆಲ್ ಬಾಗಿಲಲ್ಲೇ ನಿಲ್ಲಬೇಕು. ಹೈಡ್ರಾಕ್ಸೈಡೇ ಕಾರಣವೋ, ಅರ್ಧ ದಾರಿಯ ಇನ್ನೊಂದು ಅಯಾನೋ ಎಂಬ ವಾದ ಆಮೇಲೂ ನಡೆಯಿತು. ತೊಟ್ಟಿ ನಡೆಸುವವರು ತೀರ್ಪಿಗೆ ಕಾಯಲಿಲ್ಲ.

ಅವರು ಮಾಡಿದ್ದು ಇಷ್ಟು. ಕಬ್ಬಿಣವನ್ನು ದ್ರಾವಣದಲ್ಲಿ ಕೊರತೆಯಲ್ಲೇ ಇಟ್ಟರು. ಕೊರತೆ ಇದ್ದಾಗ ಎಷ್ಟು ಕಬ್ಬಿಣ ಕೂರುತ್ತದೆ ಎಂಬುದು ಬಿಲ್ಲೆಯ ಬಳಿಗೆ ನೀರು ಎಷ್ಟನ್ನು ತಂದುಕೊಡುತ್ತದೆ ಎಂಬುದರ ಮೇಲೆ ನಿಂತಿರುತ್ತದೆ, ಹಾಗಾಗಿ ಕಲಕುವುದೇ ದೊಡ್ಡ ವಿದ್ಯೆಯಾಯಿತು. ಬಿಲ್ಲೆಯ ಮೈಗೆ ತೀರ ಹತ್ತಿರದಲ್ಲಿ ಒಂದು ಹಲಗೆ ಒಂದೇ ವೇಗದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ತೊಟ್ಟಿಯನ್ನು ಐಬಿಎಂನವರು ಕಟ್ಟಿದ್ದು ಇದಕ್ಕೇ. ನೀರು ಕ್ಷಾರವಾಗದ ಹಾಗೆ ತಡೆಯಲು ಬೋರಿಕ್ ಆಮ್ಲ ಹಾಕಿದರು. ನಮ್ಮ ಹುಡುಗರು ಕೇರಂ ಬೋರ್ಡಿಗೆ ಉದುರಿಸುವ ಪೌಡರೇ ಅದು. ಪೊರೆಯೊಳಗಿನ ಎಳೆತ ತಗ್ಗಿಸಿ, ಹರಳುಗಳನ್ನು ನಯ ಮಾಡಲು ಸ್ಯಾಕರಿನ್ ಹಾಕಿದರು. ಹೌದು, ಸಕ್ಕರೆ ಕಾಯಿಲೆಯವರು ಕಾಫಿಗೆ ಹಾಕಿಕೊಳ್ಳುತ್ತಿದ್ದ ಅದೇ ಸ್ಯಾಕರಿನ್. ಲೇಪನದ ಹೊತ್ತಿನಲ್ಲಿ ತೊಟ್ಟಿಯ ಹೊರಗೆ ಕಾಂತಕ್ಷೇತ್ರವನ್ನೂ ಇಟ್ಟರು. ಪರಮಾಣು ಕೂರುವಾಗಲೇ ಪೊರೆಗೆ ಒಂದು ಕಾಂತೀಯ ದಿಕ್ಕಿನ ಅಭ್ಯಾಸ ಬೀಳಲಿ ಎಂದು. ಇಷ್ಟೆಲ್ಲ ಆದರೂ ಗಾಳಿ ತಾಗಿದ ಕಬ್ಬಿಣದ ಅಯಾನು ತುಕ್ಕು ಬಣ್ಣಕ್ಕೆ ತಿರುಗಿ ತೊಟ್ಟಿಯ ತಳ ಸೇರುವ ಕಾಟ ತಪ್ಪುವುದಿಲ್ಲ. ಸೋಸುತ್ತಲೇ ಇರಬೇಕು.

ಇದೆಲ್ಲ ಪರದೇಶದ ಕತೆ ಎಂದುಕೊಳ್ಳಬೇಕಾಗಿಲ್ಲ. ರೊಮಾಂಕಿವ್ ಐಬಿಎಂ ಸೇರಿದ್ದು 1962ರಲ್ಲಿ. ಅದಕ್ಕೂ ಮೊದಲು, 1950ರ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಎಲ್. ರಾಮಾಚಾರ್ ತಮ್ಮ ಶಿಷ್ಯರ ಜೊತೆ ಮಿಶ್ರಲೋಹದ ತೊಟ್ಟಿಗಳ ಮುಂದೆ ಕೂತಿದ್ದರು. ಪೈರೋಫಾಸ್ಫೇಟ್ ಎಂಬ ಲವಣ ಲೋಹದ ಅಯಾನುಗಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆಗ ಏಣಿಯಲ್ಲಿ ದೂರ ದೂರ ನಿಂತ ಲೋಹಗಳನ್ನೂ ಹತ್ತಿರ ತಂದು ಒಟ್ಟಿಗೆ ಇಳಿಸಬಹುದು. ಈ ದಾರಿಯಲ್ಲಿ ಅವರು ನಿಕ್ಕೆಲ್–ಕೋಬಾಲ್ಟ್ ಸೇರಿದಂತೆ ಹಲವು ಮಿಶ್ರಲೋಹಗಳನ್ನು ಲೇಪಿಸಿ ನೋಡಿದರು, ಫಲಿತಾಂಶಗಳು ಅಮೆರಿಕದ ಎಲೆಕ್ಟ್ರೋಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲೂ ಬಂದವು. ಡಿಸ್ಕಿಗೆಂದು ಮಾಡಿದ ಕೆಲಸ ಅದಲ್ಲ. ಆದರೂ ನಿಕ್ಕೆಲ್, ಕೋಬಾಲ್ಟ್, ಕಬ್ಬಿಣಗಳನ್ನು ಒಂದೇ ನೀರಿನಲ್ಲಿ ಪಳಗಿಸುವ ವಿದ್ಯೆಗೆ ಬೆಂಗಳೂರಿನಲ್ಲಿ ಇಷ್ಟು ಹಳೆಯ ಬೇರಿದೆ ಎನ್ನುವುದನ್ನು ಐಟಿ ರಾಜಧಾನಿಯ ಚರಿತ್ರೆ ಬರೆಯುವವರು ಸೇರಿಸಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಕೊಂಡಿ ಘಟ್ಟದ ಕೆಳಗಿದೆ. ಆನೇಮಹಲ್ ದಾಟಿದ ಹೆದ್ದಾರಿ ಮಾರನಹಳ್ಳಿ, ಶಿರಾಡಿ ಇಳಿದು ಮಂಗಳೂರು ಸೇರುತ್ತದೆ. ಅಲ್ಲಿಂದ ಕಡಲ ದಂಡೆ ಹಿಡಿದು ಬಡಗಲಿಗೆ ಹೋದರೆ ಸುರತ್ಕಲ್. 1960ರಲ್ಲಿ ಕೆಆರ್‌ಇಸಿ ಎಂದು ಶುರುವಾಗಿ 2002ರಲ್ಲಿ ಎನ್‌ಐಟಿಕೆ ಆದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಎ. ಚಿತ್ತರಂಜನ್ ಹೆಗ್ಡೆ ಅವರ ಬಳಗ ವರ್ಷಗಟ್ಟಲೆ ದುಡಿದದ್ದು ಮಿಶ್ರಲೋಹದ ವಿದ್ಯುಲ್ಲೇಪನದ ಮೇಲೆ. ಸತು–ಕೋಬಾಲ್ಟ್, ಸತು–ನಿಕ್ಕೆಲ್, ಸತು–ಕಬ್ಬಿಣ ಅವರ ಮುಖ್ಯ ಜೋಡಿಗಳು. ಇವೂ ಏಣಿಯ ನಿಯಮ ಮೀರುವ ಜೋಡಿಗಳೇ: ಮೈನಸ್ 0.76ರ ತಳಮೆಟ್ಟಿಲಲ್ಲಿ ನಿಂತ ಸತು ಎಲ್ಲರನ್ನೂ ಹಿಂದಿಕ್ಕಿ ಬಂದು ಕೂರುತ್ತದೆ.

ಅವರ ಗುರಿ ತುಕ್ಕು ತಡೆಯುವುದು. ಉಪಾಯ ಮಾತ್ರ ಮಾಹಿತಿ ಸಂಗ್ರಹದವರಿಗೂ ಬೇಕಾದದ್ದು. ಕರೆಂಟನ್ನು ಒಂದೇ ಸಮ ಹರಿಸುವ ಬದಲು ಹೆಚ್ಚು–ಕಡಿಮೆ, ಹೆಚ್ಚು–ಕಡಿಮೆ ಮಾಡುತ್ತ ಹೋದರೆ ಒಂದೇ ತೊಟ್ಟಿಯಿಂದ, ತಗಡನ್ನು ಮೇಲೆತ್ತದೆಯೇ, ಕೋಬಾಲ್ಟ್ ಹೆಚ್ಚಿರುವ ಪದರ, ಕಡಿಮೆ ಇರುವ ಪದರ ಒಂದರ ಮೇಲೊಂದು ಬೀಳುತ್ತವೆ. ಒಟ್ಟು ದಪ್ಪ ಅಷ್ಟೇ ಇದ್ದರೂ ನೂರಾರು ಪದರವಾಗಿ ಒಡೆದ ಲೇಪ ಒಂಟಿ ಲೇಪಕ್ಕಿಂತ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ. ಒಂದು ಪದರದ ರಂಧ್ರ ಹಿಡಿದು ಒಳನುಗ್ಗಿದ ಉಪ್ಪುನೀರು ಮುಂದಿನ ಪದರದ ಮೇಲೆ ಪಕ್ಕಕ್ಕೆ ಹರಡಬೇಕಾಗುತ್ತದೆ. ಪದರಗಳನ್ನು ಮಿತಿ ಮೀರಿ ತೆಳ್ಳಗೆ ಮಾಡಿದರೆ ಗಡಿಗಳೇ ಅಳಿಸಿಹೋಗಿ ಲಾಭ ಇಳಿಯತೊಡಗುತ್ತದೆ. ಈ ಬಳಗ ಕಾಂತಕ್ಷೇತ್ರದ ನಡುವೆ ತೊಟ್ಟಿಯಿಟ್ಟೂ ಲೇಪನ ಮಾಡಿದೆ. ಕ್ಷೇತ್ರ ಅಯಾನುಗಳ ಹರಿವನ್ನು ಕಲಕುವುದರಿಂದ ಲೇಪದ ಅನುಪಾತವೇ ಬದಲಾಗುತ್ತದೆ. ಕಡಲ ಗಾಳಿಯ ಉಪ್ಪಿಗೆ ಎದುರಾಗಿ ಕಟ್ಟಿದ ಈ ವಿದ್ಯೆ ಮಲೆನಾಡಿನ ಮಳೆಗೂ ಸಲ್ಲುವಂಥದು.

ಪದರದ ಮಾತು ಬಂದಾಗ ಒಂದು ಗಡಿ ಗೆರೆ ಎಳೆಯಬೇಕು. ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ 1988ರಲ್ಲಿ ಕಂಡುಹಿಡಿದು 2007ರಲ್ಲಿ ನೊಬೆಲ್ ಪಡೆದ ದೈತ್ಯ ಕಾಂತರೋಧ, ಅಂದರೆ ಕಾಂತಕ್ಷೇತ್ರ ತಾಗಿದಾಗ ವಿದ್ಯುತ್ತಿನ ತಡೆ ಗಣನೀಯವಾಗಿ ಬದಲಾಗುವುದು, ಇಂಥ ನ್ಯಾನೋಮೀಟರ್ ಪದರಗಳ ಗುಣ. ಡಿಸ್ಕನ್ನು ಓದುವ ಹೆಡ್ಡಿಗೆ 1997ರಲ್ಲಿ ಅದೇ ಆಧಾರವಾಯಿತು. ಕೋಬಾಲ್ಟ್–ತಾಮ್ರದ ಅಂಥ ಪದರಗಳನ್ನು ತೊಟ್ಟಿಯಲ್ಲೂ ಬೆಳೆಸಿ ತೋರಿಸಿದ್ದಾರೆ. ಆದರೆ ಕಾರ್ಖಾನೆ ಆರಿಸಿಕೊಂಡದ್ದು ನಿರ್ವಾತದಲ್ಲಿ ಪರಮಾಣು ಸಿಡಿಸುವ ಒಣ ವಿಧಾನವನ್ನು. ಮಾಹಿತಿ ನಿಲ್ಲುವ ತಟ್ಟೆಯ ಕಾಂತೀಯ ಪೊರೆಯೂ ಈಗ ಒಣ ವಿಧಾನದ್ದೇ. ತೊಟ್ಟಿಯ ಪಾಲಿಗೆ ಉಳಿದದ್ದು ಬರೆಯುವ ಕಾಂತ, ಮತ್ತು ತಟ್ಟೆಯ ಅಡಿಪಾಯ. ಅಲ್ಯೂಮಿನಿಯಂ ತಟ್ಟೆ ಮೆತ್ತಗೆ, ಗೀರು ಬೀಳುತ್ತದೆ. ಅದರ ಮೇಲೆ ನಿಕ್ಕೆಲ್–ರಂಜಕದ ಸುಮಾರು 10 ಮೈಕ್ರಾನಿನ ಗಟ್ಟಿ ಪದರ ಹಾಕಿ ಕನ್ನಡಿಯಂತೆ ಉಜ್ಜುತ್ತಾರೆ. ಇದಕ್ಕೆ ಕರೆಂಟೂ ಬೇಡ, ದ್ರಾವಣದಲ್ಲಿರುವ ಹೈಪೋಫಾಸ್ಫೈಟೇ ಎಲೆಕ್ಟ್ರಾನ್ ಕೊಡುತ್ತದೆ. 1940ರ ದಶಕದಲ್ಲಿ ಇದನ್ನು ಕಂಡುಕೊಂಡವರು ಅದೇ ಬ್ರೆನ್ನರ್ ಮತ್ತು ಗ್ರೇಸ್ ರಿಡೆಲ್. ರಂಜಕ ಸಾಕಷ್ಟಿದ್ದರೆ ಈ ನಿಕ್ಕೆಲ್ ಕಾಂತವಾಗುವುದೇ ಇಲ್ಲ, ಮೇಲಿನ ಬರಹಕ್ಕೆ ಅಡ್ಡಬರುವುದಿಲ್ಲ.

ಬರೆಯುವ ಕಾಂತದ ಲೋಹವೂ ಬದಲಾಗುತ್ತ ಬಂತು. ಅಕ್ಷರ ಚಿಕ್ಕದಾದಷ್ಟೂ ತಟ್ಟೆಯ ಲೋಹ ಹಟಮಾರಿಯಾಗಿರಬೇಕು, ಇಲ್ಲವಾದರೆ ಬರೆದದ್ದು ತಾನಾಗಿ ಅಳಿಯುತ್ತದೆ. ಹಟಮಾರಿ ತಟ್ಟೆಗೆ ಬರೆಯಲು ಜೋರು ಕಾಂತ ಬೇಕು. ಪರ್ಮಲಾಯ್ ಸುಮಾರು 1 ಟೆಸ್ಲಾಗೆ ಸುಸ್ತಾಗುತ್ತದೆ. ಜಪಾನಿನ ವಸೇದಾ ವಿಶ್ವವಿದ್ಯಾಲಯದ ತೆತ್ಸುಯಾ ಒಸಾಕಾ ಅವರ ತಂಡ 1998ರಲ್ಲಿ ಕೋಬಾಲ್ಟ್–ನಿಕ್ಕೆಲ್–ಕಬ್ಬಿಣದ ಪೊರೆಯಿಂದ 2.1 ಟೆಸ್ಲಾ ತೆಗೆಯಿತು. ಅದರ ಗುಟ್ಟುಗಳಲ್ಲಿ ಒಂದು, ತೊಟ್ಟಿಗೆ ಸ್ಯಾಕರಿನ್ ಹಾಕದೆ ಇದ್ದದ್ದು. ಹಾಕಿದ್ದರೆ ಅದರಿಂದ ಗಂಧಕ ಪೊರೆಗೆ ಸೇರುತ್ತಿತ್ತು. ಪರ್ಮಲಾಯ್ ಕಾಲದಲ್ಲಿ ಉಪಕಾರಿಯಾಗಿದ್ದ ಪುಡಿ ಈಗ ಕಸವಾಯಿತು. ಕೋಬಾಲ್ಟ್–ಕಬ್ಬಿಣದ ಪೊರೆಗಳು 2.4 ಟೆಸ್ಲಾದವರೆಗೆ ಮುಟ್ಟಿದವು. ಅದಕ್ಕಿಂತ ಮುಂದೆ ಲೋಹವೇ ಒಲ್ಲೆ ಎನ್ನುತ್ತದೆ. ಲೇಸರಿನಿಂದ ತಟ್ಟೆಯನ್ನು ಚಣಕಾಲ ಕಾಯಿಸಿ, ಹಟ ಇಳಿದಾಗ ಬರೆಯುವ ಹೊಸ ಡಿಸ್ಕುಗಳು ಬಂದಿರುವುದು ಆ ಗೋಡೆಯನ್ನು ಸುತ್ತಿಕೊಂಡು ಹೋಗಲು.

ಲ್ಯಾಪ್‌ಟಾಪುಗಳಿಂದ ಹಾರ್ಡ್ ಡಿಸ್ಕ್ ಹೆಚ್ಚುಕಡಿಮೆ ಹೊರಟೇ ಹೋಯಿತು, ಫ್ಲ್ಯಾಷ್ ಚಿಪ್ಪು ಬಂತು. ತೊಟ್ಟಿಯ ಕೆಲಸ ಅಲ್ಲಿಗೂ ಮುಗಿಯಲಿಲ್ಲ. 1997ರಲ್ಲಿ ಐಬಿಎಂ ಚಿಪ್ಪಿನೊಳಗಿನ ಅಲ್ಯೂಮಿನಿಯಂ ತಂತಿಗಳ ಬದಲು ತಾಮ್ರದ ತಂತಿ ತಂದಿತು. ಆ ತಾಮ್ರ ಚಿಪ್ಪಿನ ಸಣ್ಣ ಕಾಲುವೆಗಳಿಗೆ ತುಂಬುವುದು ವಿದ್ಯುಲ್ಲೇಪನದಿಂದಲೇ, ಅದೂ ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ. ಅಂದರೆ ಮೈಲುತುತ್ತ.

ಹೀಗಿದ್ದೂ ನಮ್ಮಲ್ಲಿ ಪ್ಲೇಟಿಂಗ್ ಎಂದರೆ ಕೀಳು ಕೆಲಸ, ಆಮ್ಲದ ವಾಸನೆಯ ಹಿತ್ತಲ ಶೆಡ್ಡು. ಎಂಜಿನಿಯರಿಂಗ್ ಓದಿದ ಹುಡುಗ ಕೋಡ್ ಬರೆಯುತ್ತಾನೆ ಎಂದರೆ ಹೆಣ್ಣು ಕೊಡುತ್ತಾರೆ, ತೊಟ್ಟಿ ನೋಡಿಕೊಳ್ಳುತ್ತಾನೆ ಎಂದರೆ ಹಿಂದೆ ಮುಂದೆ ನೋಡುತ್ತಾರೆ. ಈ ಅಸಡ್ಡೆಗೆ ಶೆಡ್ಡಿನವರೂ ಕಾರಣ ಒದಗಿಸಿದ್ದಾರೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದು ಗುಟ್ಟಾಗಿ ಉಳಿದಿಲ್ಲ. ನಿಕ್ಕೆಲ್ ತೊಟ್ಟಿಯ ತೊಳೆದ ನೀರನ್ನು ಚರಂಡಿಗೆ ಬಿಡುವುದು ವಿಷ ಬಿಟ್ಟ ಹಾಗೆಯೇ, ಜೊತೆಗೆ ದುಡ್ಡು ಬಿಟ್ಟ ಹಾಗೆ. ಅದೇ ತೊಟ್ಟಿಯ ವಿದ್ಯೆ ಬಲ್ಲವನಿಗೆ ಆ ನೀರಿನಿಂದ ಲೋಹವನ್ನು ಮರಳಿ ಇಳಿಸಿಕೊಳ್ಳುವುದೂ ಗೊತ್ತಿರುತ್ತದೆ.

ಮಳೆಗಾಲದ ಒಂದು ಮಾತು ಹೇಳಿಬಿಡುತ್ತೇನೆ. ಈ ಕಡೆಯ ತೋಟದ ಮನೆ, ಹೋಂಸ್ಟೇಗಳಲ್ಲಿ ಆನೆ ಬರುವುದನ್ನು ನೋಡಲು ಹಾಕಿಸಿದ ಸಿಸಿಟಿವಿ ಪೆಟ್ಟಿಗೆಗಳಲ್ಲಿ ಇನ್ನೂ ಇರುವುದು ಹಾರ್ಡ್ ಡಿಸ್ಕೇ. ಸಾಮಾನ್ಯ ಡಿಸ್ಕು ಮೊಹರು ಮಾಡಿದ ಡಬ್ಬಿಯಲ್ಲ. ಒತ್ತಡ ಸಮವಾಗಲೆಂದು ಫಿಲ್ಟರು ಹಚ್ಚಿದ ಒಂದು ಉಸಿರುಗಿಂಡಿ ಇರುತ್ತದೆ, ಆಷಾಢದ ತೇವ ಅದರಿಂದಲೂ ಬರುತ್ತದೆ. ತಟ್ಟೆಯ ಕೋಬಾಲ್ಟ್ ಪೊರೆಯನ್ನು ವಜ್ರದಂಥ ಇಂಗಾಲದ ತೆಳು ಹೊದಿಕೆ ಕಾಯುತ್ತದೆ. ಚಾಲೂ ಇದ್ದಷ್ಟು ಹೊತ್ತು ಪೆಟ್ಟಿಗೆ ಬೆಚ್ಚಗಿದ್ದು ಒಳಗೆ ನೀರು ಕಟ್ಟುವುದಿಲ್ಲ, ಆದ್ದರಿಂದ ಮಳೆಗಾಲದಲ್ಲಿ ತೇವದ ಗೋಡೆಗೆ ತಾಗಿಸಿ ಆಫ್ ಮಾಡಿಟ್ಟುಬಿಡುವುದು ಒಳ್ಳೆಯದಲ್ಲ. ಇಷ್ಟಾದರೂ ಡಿಸ್ಕು ಕಾಣಿಸುತ್ತಿಲ್ಲ ಎಂದು ರಿಪೇರಿಗೆ ಒಯ್ದಾಗ ತಪ್ಪು ಒಳಗಿನ ತಟ್ಟೆಯದೇ ಆಗಿರಬೇಕೆಂದಿಲ್ಲ, ಹೊರಗಿನ ಕಾಂಟ್ಯಾಕ್ಟುಗಳದೂ ಇರಬಹುದು. ತಾಮ್ರದ ಮೇಲೆ ನಿಕ್ಕೆಲ್, ಅದರ ಮೇಲೆ ಚಿನ್ನ ಎಂದು ಅಲ್ಲಿ ಲೇಪಿಸಿರುತ್ತಾರೆ. ಅಗ್ಗದ ಮಾಲಿನಲ್ಲಿ ಚಿನ್ನ ಎಷ್ಟು ತೆಳುವೆಂದರೆ ಕಣ್ಣಿಗೆ ಕಾಣದ ರಂಧ್ರಗಳಿಂದ ತೇವ ಇಳಿದು, ಕೆಳಗಿನ ಲೋಹ ಕರೆಗಟ್ಟಿ ಮೇಲೆ ಬರುತ್ತದೆ. ಅಂಗಡಿಯವರು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಗಸಗಸ ಉಜ್ಜಿ ಸರಿಮಾಡಿ ಕೊಡುತ್ತಾರೆ, ಡಿಸ್ಕು ಓಡುತ್ತದೆ. ಕರೆಯ ಜೊತೆ ಆ ಉಜ್ಜಿನಲ್ಲಿ ಸ್ವಲ್ಪ ಚಿನ್ನವೂ ಹೋಗಿರುತ್ತದೆ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿ ಒರೆಸಿ ಕೊಡಿ ಎಂದು ಕೇಳಿ ನೋಡಿ. ಅದಕ್ಕೂ ಜಗ್ಗದಿದ್ದರೆ ಆಮೇಲೆ ರಬ್ಬರು.